ಶಮೀಮ ಅಕ್ಕೋರಿಗೆ ನೂರಿಪ್ಪತ್ತು ವರ್ಷ ಯಾಕೆ ಬೇಕಿತ್ತು?

"ವೀರೇಶಾ, ನೂರಾ ಇಪ್ಪತ್ತು ವರ್ಷ ಬದುಕಬೇಕಂದ್ರ ಏನೇನು ಮಾಡಬೇಕು? ನೀ ಸೈನ್ಸ್ ಕಲಿಸಾಂವ. ಖರೆ ಹೇಳು."

ಹೀಗೆ ಯಾರಾದರೂ ಕೇಳಿದರೆ ನೀವೇನು ಮಾಡುತ್ತೀರಿ? ನಗುತ್ತೀರಿ. ನಾನೂ ನಕ್ಕೆ.

ಕೇಳಿದವರು ನಗಲಿಲ್ಲ.

ಇದು ಎರಡು ಮೂರು ವರ್ಷದ ಹಿಂದಿನ ಮಾತು. ತಂಗಿಯ ಮಗಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಹೋಳಿಗೆ ಸ್ವಲ್ಪ ಜಾಸ್ತಿಯೇ ಇಳಿದಿತ್ತು. ಕರಗಿಸೋಣ ಎಂದು ಸಂಜೆ ನಾನು ಹುಟ್ಟಿ ಬೆಳೆದ ಓಣಿಯ ಕಡೆ ನಡೆದೆ. (ಗದಗಿನಲ್ಲಿ ಮನೆ ಮಾಡಿ ಎಷ್ಟು ವರ್ಷವಾದರೇನು, ಲಕ್ಷ್ಮೇಶ್ವರಕ್ಕೆ ಹೋದರೆ ಕಾಲು ತಾನಾಗಿಯೇ ಆ ಕಡೆ ತಿರುಗುತ್ತದೆ.) ಮನೆಯ ಮುಂದಿನ ಕಟ್ಟೆಯ ಮೇಲೆ ಶಮೀಮ ಅಕ್ಕೋರು ಕೂತಿದ್ದರು.

ಅಕ್ಕೋರು ಅಂದರೆ ನಮ್ಮ ಕಡೆ ಶಾಲೆಯ ಟೀಚರು. ಶಮೀಮ ಅಕ್ಕೋರು ಸುತ್ತಲ ಹಳ್ಳಿಗಳ ಪ್ರೈಮರಿ ಶಾಲೆಗಳಲ್ಲಿ ಅರ್ಧ ಆಯುಷ್ಯ ಕಳೆದು ರಿಟೈರ್ ಆದವರು. ನನಗೆ ಪಾಠ ಹೇಳಿದವರಲ್ಲ. ನನಗಿಂತ ಏಳೆಂಟು ವರ್ಷ ದೊಡ್ಡವರು, ಗೋಡೆಗೆ ಗೋಡೆ ಹತ್ತಿದ ಮನೆಯವರು. ನಾನು ಕಾಲೇಜಿನಲ್ಲಿ ಝೂವಾಲಜಿ ಮಾಸ್ತರನಾದ ಮೇಲೂ ಅವರಿಗೆ ನಾನು ಬರೀ ವೀರೇಶ.

ಅವತ್ತು ಅವರನ್ನು ನೋಡಿ ನನಗೆ ಆಶ್ಚರ್ಯವಾಯಿತು. ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ. ಹೊಟ್ಟೆ ಬೆನ್ನಿಗೆ ಹತ್ತಿದೆ. ನನಗೆ ಚಹಾ ತಂದುಕೊಟ್ಟರು, ತಾವು ಕುಡಿಯಲಿಲ್ಲ. ಹೊತ್ತು ಇಳಿಯುತ್ತಿದೆ, ಇನ್ನು ನಾಳೆ ಮಧ್ಯಾಹ್ನದವರೆಗೆ ಬರೀ ನೀರು ಅಂದರು. ಸಕ್ಕರೆ ಬಂದ್ ಮಾಡಿದ್ದಾರಂತೆ. ಬೆಳಗಿನ ನಮಾಜು ಮುಗಿಸಿ ಮೈದಾನದಲ್ಲಿ ಓಡುತ್ತಾರಂತೆ. ಆಮೇಲೆ ಮನೆಗೆ ಬಂದು, ಯೂಟ್ಯೂಬ್ ನೋಡಿಕೊಂಡು, ಎರಡು ಕೈಯಲ್ಲಿ ಎರಡು ಎಣ್ಣೆ ಡಬ್ಬಿ ಹಿಡಿದು ಎತ್ತಿ ಇಳಿಸುತ್ತಾರಂತೆ.

ಇದನ್ನೆಲ್ಲ ಅವರು ಹೇಳುವ ಮುಂಚೆಯೇ ನನಗೆ ಬಜಾರಿನಲ್ಲಿ ಖಬರ ಸಿಕ್ಕಿತ್ತು. "ಅಕ್ಕೋರ ವಯಸ್ಸು ಹಿಂದಕ್ಕ ಹೊಂಟೈತ್ರಿ ಸರ. ಇನ್ನೊಂದೆರಡು ವರ್ಷ ತಡೀರಿ, ಶಾಲ್ಯಾಗ ಒಂದನೇತ್ತಾಕ ಹೆಸರು ಹಚ್ಚತಾರ" ಎಂದು ಕಾಳಿನ ಅಂಗಡಿಯವನೊಬ್ಬ ನಗಾಡಿದ್ದ.

ಅಷ್ಟರಲ್ಲಿ ಒಳಗಿನಿಂದ ಮುನ್ನಾ ಬಂದ. ಅಕ್ಕೋರ ತಮ್ಮ. ಮುನೀರ ಅಂತ ಹೆಸರು, ಕರೆಯುವುದು ಮುನ್ನಾ. ಕುಳ್ಳ ದೇಹ, ಸಣ್ಣ ಕಣ್ಣು, ಬಾಯಲ್ಲಿ ಹಿಡಿಸದಂಥ ನಾಲಗೆ. ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ನೀವೆಲ್ಲ ಇಂಥವರನ್ನು ನೋಡಿರುತ್ತೀರಿ. ಡೌನ್ ಸಿಂಡ್ರೋಮ್ ಅನ್ನುತ್ತೇವೆ. ನಮ್ಮ ಓಣಿಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವನು ಮುನ್ನಾ, ಅಷ್ಟೆ. ಕಂಡವರಿಗೆಲ್ಲ ಕೈ ಕೊಡುವವನು.

ನನಗೂ ಕೈ ಕೊಟ್ಟ. "ಸರ, ಆರಾಮ?" ಅಂದ. ಆರಾಮಪ್ಪಾ ಅಂದೆ. ಅವನು ಅಕ್ಕನ ಪಕ್ಕ ಕೂತು, ಅವರ ಸೆರಗಿನ ತುದಿ ಹಿಡಿದು ತಿರುವತೊಡಗಿದ. ವಯಸ್ಸು ನಲವತ್ತು ದಾಟಿತ್ತು.

"ಅಕ್ಕೋರ, ನೂರಾ ಇಪ್ಪತ್ತು ತಗೊಂಡು ಏನು ಮಾಡಾವ್ರು? ನೂರು ಸಾಲೂದಿಲ್ಲೇನು?" ಅಂದೆ, ಇನ್ನೂ ನಗುತ್ತಲೇ.

ಅವರು ಮುನ್ನಾನ ಕಡೆ ನೋಡಿದರು.

"ಇವ ಹುಟ್ಟಿದಾಗ ನನಗ ಇಪ್ಪತ್ತು. ಇವ ನೂರು ವರ್ಷ ಬದುಕಿದ್ರ ನಾ ನೂರಾ ಇಪ್ಪತ್ತು ಬದುಕಬೇಕಲ್ಲಾ?"

ನನ್ನ ನಗು ಅಲ್ಲಿಗೇ ನಿಂತಿತು.

ಹಿಂದಿನದನ್ನು ಸ್ವಲ್ಪ ಹೇಳಬೇಕು. ಅವರ ಅಪ್ಪ ಗಾದಿ ಹೊಲಿಯುತ್ತಿದ್ದರು. ಮುನ್ನಾ ಹುಟ್ಟುವ ಹೊತ್ತಿಗೆ ತಾಯಿಗೆ ವಯಸ್ಸಾಗಿತ್ತು. ಅವನನ್ನು ಹೆತ್ತ ಮೇಲೆ ಅವರು ಸುಧಾರಿಸಲೇ ಇಲ್ಲ, ಕೆಲವು ವರ್ಷಕ್ಕೆ ತೀರಿಕೊಂಡರು. ಶಮೀಮ ಅಕ್ಕೋರು ಆಗಷ್ಟೇ ನೌಕರಿಗೆ ಸೇರಿದ್ದರು. ನಿಕಾಹದ ಮಾತುಗಳು ಬರುತ್ತಿದ್ದವು. ಮುಂಡರಗಿಯ ಒಂದು ಸಂಬಂಧ ಬಹಳ ಮುಂದೆ ಹೋಗಿತ್ತು. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು. ಕೊನೆಗೆ ಹುಡುಗನ ತಾಯಿ ಒಂದು ಮಾತು ಹೇಳಿದರಂತೆ: "ಹುಡುಗಿ ಬರಲಿ. ತಮ್ಮ ಬ್ಯಾಡ."

"ಹಂಗಾರ ಹುಡುಗೀನೂ ಬ್ಯಾಡ" ಎಂದು ಹೇಳಿ ಕಳಿಸಿದ್ದು ಅಕ್ಕೋರೇ.

ಅಪ್ಪನೂ ಹೋದ ಮೇಲೆ ಮುನ್ನಾನನ್ನು ಮನೆಯಲ್ಲಿ ಒಬ್ಬನೇ ಬಿಡುವ ಹಾಗಿರಲಿಲ್ಲ. ಅಕ್ಕೋರು ಅವನನ್ನು ಶಾಲೆಗೇ ಕರೆದುಕೊಂಡು ಹೋಗತೊಡಗಿದರು. ಮೊದಲು ಸೊರಟೂರ, ಆಮೇಲೆ ಗದಗ ಬೇರೆ ಜಿಲ್ಲೆಯಾದ ಹೊಸತರಲ್ಲಿ ಯಳವತ್ತಿ. ಅಕ್ಕ ಪಾಠ ಹೇಳುವಾಗ ಅವನು ಹಿಂದಿನ ಸಾಲಿನಲ್ಲಿ ಕೂತಿರುತ್ತಿದ್ದ. ಯಳವತ್ತಿಯ ಹೆಡ್ ಮಾಸ್ತರರು ಅವನಿಗೆ ಗಂಟೆ ಹೊಡೆಯುವ ಕೆಲಸ ಕೊಟ್ಟರು. ಎಷ್ಟೋ ವರ್ಷ ಆ ಶಾಲೆಯ ಮಕ್ಕಳು ಊಟಕ್ಕೆ ಬಿಟ್ಟಿದ್ದು, ಮನೆಗೆ ಓಡಿದ್ದು ಎಲ್ಲ ಮುನ್ನಾನ ಗಂಟೆಗೆ. (ಮನೆಗೆ ಬಿಡುವ ಗಂಟೆಯನ್ನು ಅವನು ಒಮ್ಮೊಮ್ಮೆ ಬೇಗ ಹೊಡೆದುಬಿಡುತ್ತಿದ್ದನಂತೆ. ಮಕ್ಕಳಿಗೆ ಅವನು ಯಾಕೆ ಅಷ್ಟು ಇಷ್ಟವಾಗಿದ್ದ ಎಂದು ಬೇರೆ ಹೇಳಬೇಕೇ?)

ರಿಟೈರ್ ಆದ ಮೇಲೆ ಅಕ್ಕೋರಿಗೆ ಚಿಂತೆ ಶುರುವಾಯಿತು. ನನ್ನ ನಂತರ ಇವನು ಎಲ್ಲಿ?

ಕೇಳಬೇಕಾದಲ್ಲೆಲ್ಲ ಕೇಳಿದರು. ಸಂಬಂಧಿಕರು "ಅಲ್ಲಾ ಇದ್ದಾನ" ಅಂದರು. ಒಂದು ಅನಾಥಾಶ್ರಮದವರು, ನಮ್ಮಲ್ಲಿ ಸಣ್ಣ ಮಕ್ಕಳಿಗೆ ಮಾತ್ರ ಅಂದರು. ಒಂದು ವೃದ್ಧಾಶ್ರಮದವರು, ಬುದ್ಧಿ ನೆಟ್ಟಗಿರುವ ವೃದ್ಧರಿಗೆ ಮಾತ್ರ ಅಂದರು. ದೂರದ ಊರಿನ ಇನ್ನೊಂದು ಸಂಸ್ಥೆಯನ್ನು ಅಕ್ಕೋರು ಹೋಗಿಯೇ ನೋಡಿ ಬಂದರು. ಅಲ್ಲಿ ದೊಡ್ಡ ಗಂಡಸರನ್ನು ಕಿಟಕಿಯ ಸರಳಿಗೆ ಕಾಲು ಕಟ್ಟಿ ಕೂಡಿಸಿದ್ದರಂತೆ. "ಓಡಿ ಹೋಗತಾರ್ರೀ ಮೇಡಂ, ಏನು ಮಾಡೂದು" ಎಂದು ಅಲ್ಲಿಯವರು ತಣ್ಣಗೆ ಹೇಳಿದರಂತೆ.

ಆ ದಿನ ವಾಪಸ್ ಬರುವ ಬಸ್ಸಿನಲ್ಲಿ ಅಕ್ಕೋರು ತೀರ್ಮಾನ ಮಾಡಿದ್ದು. ಬೇರೆ ಯಾರೂ ಇಲ್ಲವೆಂದರೆ ನಾನೇ ಇರಬೇಕು. ಅವನಿಗಿಂತ ಒಂದು ದಿನ ಹೆಚ್ಚು.

ಸರಿ, ಈಗ ಹೇಳಿ. ಸೈನ್ಸ್ ಕಲಿಸುವವನು ಇಂಥವರಿಗೆ ಏನು ಉತ್ತರ ಕೊಡಬೇಕು?

ನನಗೆ ಗೊತ್ತಿದ್ದಷ್ಟು ಹೇಳಿದೆ. ವಿಜ್ಞಾನಿಗಳ ಹತ್ತಿರ ಒಂದು ಸಣ್ಣ ಹುಳ ಇದೆ. ಅದರ ಒಂದೇ ಜೀನ್ ಬದಲಿಸಿ ಆಯುಷ್ಯವನ್ನು ಎರಡು ಪಟ್ಟು ಮಾಡಿದ್ದಾರೆ. ಇಲಿಗೆ ಊಟ ಕಡಿಮೆ ಹಾಕಿದರೆ ಅದು ಹೆಚ್ಚು ಕಾಲ ಬದುಕುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುವ ಒಂದು ಮಾತ್ರೆ ಕೊಟ್ಟರೂ ಇಲಿ ಹೆಚ್ಚು ಬದುಕುತ್ತದೆ. ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆಯೊಂದು ಮುಪ್ಪನ್ನೂ ತಡೆಯಬಹುದೇ ಎಂದು ನೋಡುತ್ತಿದ್ದಾರೆ. ಮುದಿಯಾದ ಜೀವಕೋಶವನ್ನು ಮತ್ತೆ ಎಳೆಯದು ಮಾಡಲು ಹೊರಟಿದ್ದಾರೆ. ಜಗತ್ತಿನ ದೊಡ್ಡ ದೊಡ್ಡ ಶ್ರೀಮಂತರು ಇದಕ್ಕೆ ಹಣ ಸುರಿಯುತ್ತಿದ್ದಾರೆ. ಎಲ್ಲ ಇರುವವರಿಗೆ ಇನ್ನೇನು ಬೇಕು? ಇನ್ನಷ್ಟು ವರ್ಷ ಬೇಕು.

ಅಕ್ಕೋರು ಕ್ಲಾಸಿನಲ್ಲಿ ಕೂತ ಹುಡುಗಿಯಂತೆ ಕೇಳಿದರು.

"ಇಲಿ ಬಿಡು. ಮನಷ್ಯಾರಿಗೆ?"

"ಮನಷ್ಯಾರಿಗೆ ಇನ್ನೂ ಏನೂ ಪ್ರೂವ್ ಆಗಿಲ್ರಿ ಅಕ್ಕೋರ."

ಅವರು ಒಳಗೆ ಹೋಗಿ ಒಂದು ಡಬ್ಬಿ ತಂದರು. ಆನ್‌ಲೈನಿನಲ್ಲಿ ತರಿಸಿದ ಕ್ಯಾಪ್ಸೂಲ್. ಮೇಲೆ ನಗುವ ಬಿಳಿ ಕೂದಲಿನ ದಂಪತಿಯ ಚಿತ್ರ.

"ಮತ್ತ ಈ ಗುಳಗಿ?"

"ನಿಮಗ ನಡೀತಾವೋ ಇಲ್ಲೋ, ತಯಾರು ಮಾಡಿದಾಂವಗೂ ಗೊತ್ತಿರಾಕಿಲ್ಲ."

"ಹಂಗಾರ ನಾ ಏನು ಮಾಡ್ಲಿ?"

"ನಡೀರಿ. ಚೊಲೋ ನಿದ್ದಿ ಮಾಡ್ರಿ. ಬಿ.ಪಿ. ನೋಡಿಸ್ಕೊಳ್ರಿ."

"ಇಷ್ಟ? ಇಷ್ಟು ಮಾಡಿದ್ರ ಎಷ್ಟು ವರ್ಷ ಸಿಗತಾವು?"

"ದೇವ್ರು ಕೊಟ್ಟಷ್ಟು."

(ಝೂವಾಲಜಿ ಮಾಸ್ತರ ಉತ್ತರ ಇದು. ಆದರೆ ಇದಕ್ಕಿಂತ ಪ್ರಾಮಾಣಿಕ ಉತ್ತರ ನನ್ನ ಹತ್ತಿರ ಇವತ್ತಿಗೂ ಇಲ್ಲ.)

ಅಕ್ಕೋರು ಡಬ್ಬಿಯ ಮುಚ್ಚಳ ತಿರುವಿ ಹಾಕಿ ಎದ್ದರು. ಕ್ಯಾಪ್ಸೂಲ್ ಬಿಡಲಿಲ್ಲ. ಮುಳುಗುವವರಿಗೆ ಹಗ್ಗ ಗಟ್ಟಿ ಇದೆಯೋ ಇಲ್ಲವೋ ನೋಡಲು ಪುರಸೊತ್ತು ಎಲ್ಲಿರುತ್ತದೆ?

ಇದಾಗಿ ಕೆಲವು ತಿಂಗಳಿಗೆ ಅವರ ಫೋನ್ ಬಂತು. ಗದಗಿನ ಒಂದು ಕಲ್ಯಾಣ ಮಂಟಪದಲ್ಲಿ ಆಂಟಿ ಏಜಿಂಗ್ ಶಿಬಿರವಂತೆ. ನೀನೂ ಬಾ, ಅವರು ಹೇಳಿದ್ದು ಖರೆಯೋ ಸುಳ್ಳೋ ನನಗೆ ತಿಳಿಸು ಅಂದರು.

ಹೋದೆ. ಬಾಗಿಲಲ್ಲಿ "ಮುಪ್ಪನ್ನು ಗೆಲ್ಲಿ" ಎಂಬ ಬ್ಯಾನರ್. ಒಳಗೆ ಬೆಟಗೇರಿಯ ಸೀರೆ ವ್ಯಾಪಾರಿಗಳು, ರಿಟೈರ್ ಆದ ಆಫೀಸರುಗಳು, ಅವರ ಹೆಂಡಂದಿರು. ಮಂಡಿ ನೋವಿನವರು, ಕೂದಲು ಉದುರುವವರು. ಮುಂದಿನ ಸಾಲಿನಲ್ಲಿ ಶಮೀಮ ಅಕ್ಕೋರು, ಪಕ್ಕದಲ್ಲಿ ಹೊಸ ಅಂಗಿ ಹಾಕಿಕೊಂಡ ಮುನ್ನಾ. ನಾನೂ ಅಲ್ಲೇ ಕೂತೆ.

ದೊಡ್ಡ ಊರಿನಿಂದ ಬಂದಿದ್ದ ಒಬ್ಬರು ಕೋಟು ಹಾಕಿಕೊಂಡು ಮಾತಾಡಿದರು. "ಏಜಿಂಗ್ ಅನ್ನೋದು ಒಂದು ಕಾಯಿಲೆ. ಕಾಯಿಲೆ ಅಂದ ಮೇಲೆ ವಾಸಿ ಮಾಡಬಹುದು" ಅಂದರು. ಪರದೆಯ ಮೇಲೆ ಇಲಿಯ ಚಿತ್ರ ಬಂತು. ನಾನು ಹೇಳಿದ್ದ ಇಲಿಯೇ. ಆದರೆ ಅದು ಇಲಿ ಎಂಬ ಸಂಗತಿಯನ್ನು ಅವರು ಬಹಳ ಬೇಗ ದಾಟಿಕೊಂಡು ಹೋದರು.

ಆಮೇಲೆ ಪರೀಕ್ಷೆ. ಒಂದು ಹಿಡಿಕೆ ಹಿಸುಕಿಸಿದರು, ಒಂದು ಕೊಳವೆ ಊದಿಸಿದರು, ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಹುಟ್ಟಿದ ವರ್ಷ ಲೆಕ್ಕಕ್ಕಿಲ್ಲ, ದೇಹದ ಒಳಗಿನ ನಿಜವಾದ ವಯಸ್ಸನ್ನು ಮಷಿನ್ ಹೇಳುತ್ತದೆ ಅಂದರು. ಅಕ್ಕೋರ ಸರದಿ ಬಂತು, ವೇದಿಕೆ ಹತ್ತಿದರು. ಮಷಿನ್ ಹೇಳಿದ್ದು ನಲವತ್ತೊಂಬತ್ತು.

ಇಡೀ ಹಾಲ್ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ಹೊಡೆದವನು ಮುನ್ನಾ. ಅಕ್ಕೋರು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೆನೇನೋ. ಮಷಿನ್ ಸುಳ್ಳಿರಬಹುದು ಎಂದು ಆ ಹೊತ್ತಿನಲ್ಲಿ ಹೇಳುವ ಮನಸ್ಸು ಯಾರಿಗೆ ಬಂದೀತು?

ಅಕ್ಕೋರು ವೇದಿಕೆಯ ಮೇಲೆಯೇ ನಿಂತು ಕೆಳಗೆ ಕೈ ಮಾಡಿದರು. "ಮುನ್ನಾ, ಬಾ ಇಲ್ಲೆ."

ಅವನು ಮೆಟ್ಟಿಲು ಹತ್ತಿ ಬಂದ. ಅವನು ಹತ್ತಿದ ರೀತಿ ನನಗೆ ಸರಿ ಕಾಣಲಿಲ್ಲ. ಪ್ರತಿ ಮೆಟ್ಟಿಲಿಗೂ ಕಾಲು ಚಾಚಿ, ನೀರಿನ ಆಳ ನೋಡುವವರ ಹಾಗೆ ತಡವಿ ನೋಡಿ, ಆಮೇಲೆ ಊರುತ್ತಿದ್ದ.

"ನನ್ನ ತಮ್ಮಗೂ ನಿಮ್ಮ ಔಷಧ ಸುರು ಮಾಡಬಹುದೇನ್ರಿ?" ಎಂದು ಅಕ್ಕೋರು ಕೇಳಿದರು.

ಕೋಟಿನವರು ಮುನ್ನಾನನ್ನು ಮೇಲಿಂದ ಕೆಳಗೆ ನೋಡಿದರು. ಮೈಕನ್ನು ಬಾಯಿಯಿಂದ ದೂರ ಹಿಡಿದರು. ಆದರೂ ಮುಂದಿನ ಸಾಲಿನ ನಮಗೆ ಕೇಳಿಸಿತು.

"ಇಂಥವರಿಗೆ ಯಾಕೆ ಮೇಡಂ? ಇವರಿಗೆ ಲಾಂಗ್ ಲೈಫ್ ಕೊಟ್ಟು ಏನು ಮಾಡ್ತೀರಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಕರುಣೆಯಿಂದ ಹೇಳಿದರು. ಅದೇ ನನಗೆ ಹೆಚ್ಚು ಕೆಟ್ಟದೆನಿಸಿತು.

"ಅವ ನನ್ನ ತಮ್ಮ ಅದಾನ್ರಿ" ಅಂದರು ಅಕ್ಕೋರು. ಇಷ್ಟೇ. ಅವನ ಕೈ ಹಿಡಿದು ಮೆಟ್ಟಿಲು ಇಳಿಸಿಕೊಂಡು ಬಂದರು.

ಈ ದೀರ್ಘಾಯುಷ್ಯದ ವಿಜ್ಞಾನದ ಬಗ್ಗೆ ನಾನು ಎಷ್ಟೋ ಓದಿದ್ದೇನೆ. ಜೀವಕೋಶ ಹೇಗೆ ಮುದಿಯಾಗುತ್ತದೆ, ಯಾವ ಪ್ರೋಟೀನು ಏನು ಮಾಡುತ್ತದೆ, ಎಲ್ಲ ಬರೆದಿರುತ್ತಾರೆ. ಹೆಚ್ಚಿನ ವರ್ಷಗಳು ಒಂದಲ್ಲ ಒಂದು ದಿನ ಕೈಗೆ ಬಂದರೆ ಅವು ಯಾರಿಗೆ, ಯಾರಿಗೆ ಬೇಡ, ಅದನ್ನು ಯಾರು ಹೇಳುತ್ತಾರೆ? ಅದು ಮಾತ್ರ ಎಲ್ಲಿಯೂ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲವೇನೋ. ಗದಗಿನ ಒಂದು ಕಲ್ಯಾಣ ಮಂಟಪದಲ್ಲೇ ತೀರ್ಮಾನ ಆಗಿಬಿಟ್ಟಿತ್ತು.

ನನಗೂ ಲಕ್ಷ್ಮೇಶ್ವರದಲ್ಲಿ ಕೆಲಸವಿತ್ತು. ಮೂವರೂ ಒಂದೇ ಬಸ್ಸಿಗೆ ಹೊರಟೆವು. ಅದು ಯಳವತ್ತಿಯ ಮೇಲೆ ಹೋಗುವ ಬಸ್ಸು. ಹಿಂದೆಲ್ಲ ಯಳವತ್ತಿಯ ಶಾಲೆ ಕಂಡ ಕೂಡಲೇ ಮುನ್ನಾ ಎದ್ದು ನಿಂತು, "ಆಪಾ, ಶಾಲಿ" ಎಂದು ಕೂಗುತ್ತಿದ್ದ. (ಆಪಾ ಅಂದರೆ ಅಕ್ಕ.) ಅಕ್ಕೋರು ರಿಟೈರ್ ಆಗಿ ಎಷ್ಟು ವರ್ಷವಾದರೂ ಅವನಿಗೆ ಆ ಬಸ್ಸು ಶಾಲೆಗೇ ಹೋಗುವ ಬಸ್ಸು. ಇಳಿಯುವುದಿಲ್ಲ ಎಂದು ಸಮಾಧಾನ ಮಾಡಿ ಕೂಡಿಸಬೇಕಾಗುತ್ತಿತ್ತು.

ಅವತ್ತು ಬಸ್ಸು ಶಾಲೆಯ ಎದುರಿಗೇ ನಿಂತಿತು. ಜನ ಇಳಿದರು, ಹತ್ತಿದರು. ಮುನ್ನಾ ಕಿಟಕಿಯ ಹತ್ತಿರವೇ ಕೂತಿದ್ದ. ನೋಡುತ್ತಲೂ ಇದ್ದ. ಏಳಲಿಲ್ಲ.

ಅಕ್ಕೋರು ಅವನ ಗದ್ದ ಹಿಡಿದು ಆ ಕಡೆ ತಿರುಗಿಸಿದರು. "ಮುನ್ನಾ, ಏನೈತಿ ನೋಡು ಅದು?"

ಅವನು ನೋಡಿದ. ಅಕ್ಕನ ಮುಖ ನೋಡಿದ. ಮತ್ತೆ ಹೊರಗೆ ನೋಡಿದ. "ಮನಿ" ಅಂದ. ಸರಿ ಉತ್ತರ ಗೊತ್ತಿಲ್ಲದ, ಆದರೆ ಟೀಚರಿಗೆ ಬೇಸರವಾಗಬಾರದು ಎನ್ನುವ ಹುಡುಗ ಹೇಳುವ ಹಾಗೆ.

ಬಸ್ಸು ಮುಂದೆ ಹೋಯಿತು. ಅಕ್ಕೋರು ಅವನ ಗದ್ದದಿಂದ ಕೈ ತೆಗೆದರು.

"ಕೆಲವು ತಿಂಗಳಿಂದ ಹಿಂಗಾ ಐತಿ ವೀರೇಶಾ. ಗುಂಡಿ ಹಾಕ್ಕೊಳ್ಳಾಕ ಬರವಲ್ದು. ಚಪ್ಪಲಿ ಅದಲು ಬದಲು ಮಾಡತಾನ. ನಿದ್ದಿ ಸಾಲವಲ್ದು, ಅದಕ್ಕ ಹಿಂಗ ಅಂತ ಮಾಡಿದ್ದೆ."

ನನಗೆ ಮೆಟ್ಟಿಲು ಹತ್ತಿದ ರೀತಿ ನೋಡಿಯೇ ಸಂಶಯ ಬಂದಿತ್ತು. ಹೇಳಿಬಿಟ್ಟೆ. ಆದಷ್ಟು ಸರಳವಾಗಿ ಹೇಳಿದೆ. ನಮಗೆಲ್ಲ ಇಪ್ಪತ್ತೊಂದನೆಯ ಕ್ರೋಮೋಸೋಮ್ ಎರಡು ಇರುತ್ತವೆ, ಮುನ್ನಾನಿಗೆ ಮೂರಿವೆ. ಅವನು ಹೀಗೆ ಹುಟ್ಟಿದ್ದು ಅದಕ್ಕೇ. ಮಿದುಳಿನಲ್ಲಿ ಕಸ ಕಟ್ಟಿಸುವ ಒಂದು ಪ್ರೋಟೀನಿನ ಜೀನ್ ಇರುವುದೂ ಅದೇ ಕ್ರೋಮೋಸೋಮಿನಲ್ಲಿ. ಹಾಗಾಗಿ ಇಂಥವರಿಗೆ ಮರೆವಿನ ಕಾಯಿಲೆ ನಮಗಿಂತ ಎಷ್ಟೋ ಬೇಗ ಬರುತ್ತದೆ. ನಲವತ್ತು ಐವತ್ತರಲ್ಲೇ. ದೇಹವೂ ಬೇಗ ಮುಪ್ಪಾಗುತ್ತದೆ.

"ಅಂದ್ರ ಇವನ ವಯಸ್ಸು ನನ್ನಕಿಂತ ಜೋರ ಓಡತೈತಿ?"

"ಹೌದ್ರಿ."

"ಅದಕ್ಕ ಔಷಧ?"

"ಒಮ್ಮಿ ಡಾಕ್ಟರ್‌ಗೆ ತೋರಸೂಣ್ರಿ" ಅಂದೆ. ಅವರಿಗೆ ಅರ್ಥವಾಯಿತು.

ಮುನ್ನಾ ಅವರ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋಗಿದ್ದ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದೇ ಆಗ. ಅಕ್ಕೋರು ಹೊರಗಿನ ಹೊಲಗಳನ್ನು ನೋಡುತ್ತಾ ಹೇಳಿದರು.

"ನಾ ಹಿಂದಕ್ಕ ಓಡಾಕತ್ತಿದ್ದೆ. ಇವ ಮುಂದಕ್ಕ ಓಡಾಕತ್ತಿದ್ದ. ಎಲ್ಲಿ ದಾಟಿ ಹೋದನೋ, ನನಗ ಗೊತ್ತಾ ಆಗಲಿಲ್ಲ."

ಹುಬ್ಬಳ್ಳಿಯ ಡಾಕ್ಟರು ಅದನ್ನೇ ಹೇಳಿದರು. ಒಳ್ಳೆಯ ಮನುಷ್ಯ. ಸುಳ್ಳು ಭರವಸೆ ಕೊಡಲಿಲ್ಲ. ಇದನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ, ಚೆನ್ನಾಗಿ ನೋಡಿಕೊಳ್ಳಿ ಅಂದರು. ಚೆನ್ನಾಗಿ ನೋಡಿಕೊಳ್ಳುವುದು. ಅದೊಂದನ್ನು ಅಕ್ಕೋರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕ್ಯಾಪ್ಸೂಲ್ ನಿಂತಿತು. ಓಟ ನಿಲ್ಲಲಿಲ್ಲ, ಎಣ್ಣೆ ಡಬ್ಬಿಯೂ ನಿಲ್ಲಲಿಲ್ಲ. ನಾನು ಯಾಕೆ ಎಂದು ಕೇಳಿದ್ದಕ್ಕೆ, "ಅವನ್ನ ಎತ್ತಿ ಕುಂಡ್ರಸಬೇಕಲ್ಲಪ್ಪಾ. ತೋಳಿನ್ಯಾಗ ಶಕ್ತಿ ಬೇಕು" ಅಂದರು. ಅವರು ಅಷ್ಟು ವರ್ಷ ಗಳಿಸಿಟ್ಟುಕೊಂಡ ಆರೋಗ್ಯವೆಲ್ಲ ಈಗ ಅವನನ್ನು ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ ಸಾಗಿಸಲು ಖರ್ಚಾಗುತ್ತಿತ್ತು.

ಅವನು ಒಂದೊಂದಾಗಿ ಮರೆತ. ಕೈ ಕೊಡುವುದನ್ನು ಮರೆತ. ಅಗಿಯುವುದನ್ನು ಮರೆತ, ಬಾಯಲ್ಲಿ ಅನ್ನ ಇಟ್ಟುಕೊಂಡು ಕೂತುಬಿಡುತ್ತಿದ್ದ. ಅಕ್ಕೋರು ಅವನ ಗಂಟಲು ನೀವಿ ನೀವಿ ನುಂಗಿಸುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಒಮ್ಮೆ ಹೋಗಿದ್ದೆ. ಮುನ್ನಾ ಕುರ್ಚಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದ. ಅಕ್ಕೋರು ಅವನ ಮುಂದೆ ಮಂಡಿಯೂರಿ ಕಾಲಿಗೆ ಎಣ್ಣೆ ಹಚ್ಚುತ್ತಿದ್ದರು.

"ಆಪಾ ಎಲ್ಲಿ?" ಎಂದು ಅವನು ಅವರನ್ನೇ ಕೇಳಿದ.

ಅಕ್ಕೋರು ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡರು. "ಶಾಲಿಗೆ ಹೋಗ್ಯಾಳಪ್ಪಾ. ಬರತಾಳ" ಅಂದರು.

ಅವನಿಗೆ ಸಮಾಧಾನವಾಯಿತು. ಮತ್ತೆ ಬಾಗಿಲು ನೋಡುತ್ತಾ ಕೂತ.

ನನ್ನ ಕಡೆ ತಿರುಗಿ ಅವರು ಮೆಲ್ಲಗೆ ಹೇಳಿದರು. "ಮೊದಲ ಮೊದಲ ನಾನಾ ಆಪಾ ಅಂತಿದ್ದೆ. ಅಳತಿದ್ದ. ನನ್ನ ನೋಡಿ ಹೆದರತಿದ್ದ. ಈಗ ಹಿಂಗ ಹೇಳತೀನಿ. ಆರಾಮ ಕಾಯ್ಕೋತ ಕುಂಡ್ರತಾನ."

ಅವನು ಕಾಯುತ್ತಿದ್ದವರು ಅವನ ಕಾಲ ಬಳಿಯೇ ಕೂತಿದ್ದರು. ಆ ಮನೆಯಲ್ಲಿ ಇನ್ನು ಕೂರುವುದು ನನ್ನಿಂದ ಆಗಲಿಲ್ಲ. ಏನೋ ನೆವ ಹೇಳಿ ಎದ್ದು ಬಂದೆ.

ಹೋದ ವಾರ ಮುನ್ನಾ ತೀರಿಕೊಂಡ. ಅನ್ನದ ಅಗುಳು ಶ್ವಾಸನಾಳಕ್ಕೆ ಹೋಗಿ, ಎದೆಯಲ್ಲಿ ಸೋಂಕಾಗಿ, ಜ್ವರ ಬಂದು, ನಾಲ್ಕಾರು ದಿನ ನರಳಿ ಹೋದ. ಐವತ್ತು ತುಂಬಿರಲಿಲ್ಲ.

ಮೂರನೆಯ ದಿನದ ಜಿಯಾರತಿಗೆ ಹೋದೆ. ಅಂಗಳದ ತುಂಬ ಜನ. ಯಳವತ್ತಿಯಿಂದಲೂ ಕೆಲವರು ಬಂದಿದ್ದರು, ಅವನ ಗಂಟೆ ಕೇಳಿ ಬೆಳೆದವರು. ಅಕ್ಕೋರು ಗೋಡೆಗೆ ಒರಗಿ ಕೂತಿದ್ದರು. ಬಂದವರೆಲ್ಲ ಹೇಳುತ್ತಿದ್ದ ಮಾತು ಒಂದೇ.

"ಚೊಲೋ ಆತ್ರಿ ಅಕ್ಕೋರ. ನೀವು ಇರೂದ್ರಾಗ ಹೋದ."

ಅವರು ಪ್ರತಿಯೊಬ್ಬರಿಗೂ ಹೂಂ ಅನ್ನುತ್ತಿದ್ದರು. ಹೂಂ ಅನ್ನದೆ ಏನು ಮಾಡಿಯಾರು? ಅವರು ದಿನವೂ ಅಲ್ಲಾನಲ್ಲಿ ಬೇಡಿಕೊಂಡದ್ದು ಇದನ್ನೇ ತಾನೇ? ಬೇಡಿದ್ದು ಸಿಕ್ಕಿತ್ತು. ಹೇಗೆ ಸಿಗಬೇಕು ಎಂದು ಅವರು ಹೇಳಿರಲಿಲ್ಲ, ಅಷ್ಟೆ.

ಉಪವಾಸವಿದ್ದು ಸುಸ್ತಾಗಿದ್ದಾರೆಂದು ಓಣಿಯ ಡಾಕ್ಟರು ಬಂದು ಬಿ.ಪಿ. ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದರು. "ಏನೂ ಚಿಂತಿ ಇಲ್ರಿ ಅಕ್ಕೋರ. ಹರೇದವ್ರ ಹಾರ್ಟ್ ಇದ್ದಂಗ ಐತಿ ನಿಮ್ಮದು. ಇನ್ನೂ ಮೂವತ್ತು ವರ್ಷ ಹಿಂದ ಮುಂದ ನೋಡಬ್ಯಾಡ್ರಿ" ಅಂದರು.

ಸಮಾಧಾನಕ್ಕೆಂದು ಹೇಳಿದ್ದು. ಅಕ್ಕೋರು ಡಾಕ್ಟರ ಮುಖವನ್ನೇ ನೋಡಿದರು. ಒಬ್ಬರಿಗೆ ಇಂಥ ಶಿಕ್ಷೆ ಕೊಡುವಾಗ ಮುಖದಲ್ಲಿ ನಗು ಹೇಗಿರುತ್ತದೆ ಎಂದು ನೋಡುವವರ ಹಾಗೆ.

ಊಟ ಮುಗಿದು ಜನ ಕರಗಿದರು. ನಾವು ಹತ್ತು ಹನ್ನೆರಡು ಮಂದಿ ಉಳಿದೆವು. ಎಲ್ಲ ಓಣಿಯವರೇ, ಹಳೆಯ ಪರಿಚಯದವರೇ. ಹಿರಿಯರೊಬ್ಬರು, ದಲಾಲಿ ಅಂಗಡಿಯವರು, ಬಹಳ ಪ್ರೀತಿಯಿಂದಲೇ ಮಾತು ತೆಗೆದರು.

"ಅಕ್ಕೋರ, ತಪ್ಪು ತಿಳೀಬ್ಯಾಡ್ರಿ. ನೀವು ಇಷ್ಟು ವರ್ಷ ಸುಮ್ ಸುಮ್ನ ಜೀವಾ ತೇದ್ರಿ. ಊಟಾ ಬಿಟ್ರಿ, ಓಡಿದ್ರಿ. ನೀವು ಮುಂಚೆ ಹೋಗಿದ್ರೂ ಅವನ್ನೇನು ನಾವು ಬೀದ್ಯಾಗ ಬಿಡತಿದ್ವೇನ್ರಿ? ನೋಡ್ಕೋತಿದ್ವಿ."

ಎಲ್ಲರೂ ಹೌದು ಹೌದು ಅಂದರು. ಮುನ್ನಾ ಎಲ್ಲಾರ ಮುನ್ನಾ ಅಲ್ಲೇನ್ರಿ ಎಂದು ಯಾರೋ ಸೇರಿಸಿದರು.

ಶಮೀಮ ಅಕ್ಕೋರು ತಲೆ ಎತ್ತಿದರು. ಸಿಟ್ಟಿನಿಂದ ಅಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕು ಎನ್ನುವ ಹಾಗೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು.

"ಯಾರ ಮನ್ಯಾಗ?"

ಹಿರಿಯರು ಟೋಪಿ ಸರಿ ಮಾಡಿಕೊಂಡರು. ಒಬ್ಬರು ಫೋನ್ ತೆಗೆದರು. ನಾನು ನೆಲ ನೋಡಿದೆ.

ನೀವು ಹೇಳುತ್ತೀರಾ?